ಹೊಗೆಸೊಪ್ಪಿನ ಬ್ಯಾರನ್ ಇಟ್ಟುಕೊಂಡು ಆಕಾರದ ಪಾಠ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಹೊಲಗಳ ನಡುವೆ ಕಿಟಕಿಯಿಲ್ಲದ, ಎತ್ತರದ, ಚೌಕನೆಯ ಕಟ್ಟಡಗಳು ಕಾಣುತ್ತವೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು. ಅಭ್ಯಾಸ ಬೋಧನೆಗೆಂದು ನನಗೆ ಸಿಕ್ಕಿದ್ದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆ, ಎಂಟನೇ ತರಗತಿ, ಘಟಕ ಕ್ಷೇತ್ರಗಣಿತ. ಘನ ಮತ್ತು ಆಯತಘನಕ್ಕೆ ಬೋಧನೋಪಕರಣವಾಗಿ ಬೆಂಕಿಪೊಟ್ಟಣ, ಚಾಕ್‌ಪೀಸ್ ಡಬ್ಬಿ ಸಾಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಡಬ್ಬಿಯನ್ನು ಮಗು ಹೊರಗಿನಿಂದ ಮಾತ್ರ ನೋಡುತ್ತದೆ. ಬ್ಯಾರನ್ನಿನ ಒಳಗೆ ಈ ಮಕ್ಕಳು ನಿಂತಿದ್ದಾರೆ.

ಪಾಠಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರು ಒಂದು ಆಕ್ಷೇಪ ಎತ್ತಿದರು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯ್ದೆಯೇ ಇರುವಾಗ ನೀವು ಅದನ್ನು ತರಗತಿಯೊಳಕ್ಕೆ ತರುತ್ತೀರಲ್ಲಮ್ಮ, ಎಂದರು. ನ್ಯಾಯವಾದ ಪ್ರಶ್ನೆ. ತಂಬಾಕಿನ ಹಾನಿಯನ್ನು ವಿಜ್ಞಾನದ ಅವಧಿಯಲ್ಲಿ ಹೇಳುತ್ತೇನೆ ಸರ್, ಇಲ್ಲಿ ಪಾಠ ಕಟ್ಟಡದ್ದು ಎಂದೆ. ಮಕ್ಕಳ ಮನೆಯ ಪಕ್ಕದಲ್ಲೇ ನಿಂತಿರುವುದನ್ನು ಶಾಲೆ ಕಾಣದಂತೆ ಇರುವುದು ನನಗಂತೂ ಸರಿಯೆನಿಸುವುದಿಲ್ಲ. ಅವರು ಒಪ್ಪಿ, ಮೂರು ಅವಧಿ ಕೊಟ್ಟರು.

ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕೈಗೆತ್ತಿಕೊಳ್ಳುವ ಪುಸ್ತಕ ಫ್ರಾನ್ಸಿಸ್ ಡಿ.ಕೆ. ಚಿಂಗ್ ಅವರ ‘ಆರ್ಕಿಟೆಕ್ಚರ್: ಫಾರ್ಮ್, ಸ್ಪೇಸ್ ಅಂಡ್ ಆರ್ಡರ್’. 1979ರಲ್ಲಿ ಬಂದದ್ದು. ಅದು ಆರಂಭವಾಗುವುದು ಬಿಂದು, ರೇಖೆ, ಸಮತಲ, ಘನ ಎಂಬ ನಾಲ್ಕರಿಂದ: ಬಿಂದು ಚಲಿಸಿದರೆ ರೇಖೆ, ರೇಖೆ ಚಲಿಸಿದರೆ ಸಮತಲ, ಸಮತಲ ಚಲಿಸಿದರೆ ಘನ. ನಮ್ಮ ಪಠ್ಯದಲ್ಲೂ ಈ ನಾಲ್ಕೂ ಇವೆ, ಬೇರೆ ಬೇರೆ ತರಗತಿಗಳಲ್ಲಿ ಚದುರಿಹೋಗಿವೆ. ಒಂದೇ ಕಟ್ಟಡದಲ್ಲಿ ಅವನ್ನು ಜೋಡಿಸುವುದು ನನ್ನ ಉದ್ದೇಶವಾಗಿತ್ತು.

ಇಬ್ಬರು ಮಕ್ಕಳು ಭಾನುವಾರ ಟೇಪು ಹಿಡಿದು ತಮ್ಮ ಮನೆಯ ಬ್ಯಾರನ್ ಅಳೆದು ತಂದಿದ್ದರು. ಉದ್ದ 16 ಅಡಿ, ಅಗಲ 16 ಅಡಿ, ಗೋಡೆಯ ಎತ್ತರವೂ 16 ಅಡಿ. ಮೊದಲ ಅವಧಿಯಲ್ಲಿ ಆಟದ ಮೈದಾನದಲ್ಲಿ ನಾಲ್ಕು ಗೂಟ ನೆಟ್ಟೆವು, ದಾರ ಎಳೆದೆವು. ಗೂಟ ಬಿಂದು, ದಾರ ರೇಖೆ. ಮೂಲೆ ಲಂಬಕೋನವಾಗಿದೆಯೇ ಎಂದು ನೋಡಲು ಗಾರೆ ಕೆಲಸದವರು ಮಾಡುವ 3, 4, 5ರ ಅಳತೆಯನ್ನು ಒಬ್ಬ ಹುಡುಗ ತಾನೇ ಮಾಡಿ ತೋರಿಸಿದ. ಅವನ ತಂದೆ ಮೇಸ್ತ್ರಿ. ಕರ್ಣ ಎರಡೂ ಕಡೆ 22 ಅಡಿ 7 ಅಂಗುಲದ ಮೇಲೆ ಸ್ವಲ್ಪ ಬಂತು. ಪೈಥಾಗೊರಸನ ಹೆಸರು ಎತ್ತುವ ಅಗತ್ಯ ಆ ದಿನ ಬೀಳಲಿಲ್ಲ.

ಎರಡನೇ ಅವಧಿ ಲೆಕ್ಕದ್ದು. ಛಾವಣಿಯ ಇಳಿಜಾರು ಬಿಟ್ಟು, ಘನಫಲ 4096 ಘನ ಅಡಿ. ಇಷ್ಟೇ ಜಾಗವನ್ನು 32 ಅಡಿ ಉದ್ದ, 16 ಅಡಿ ಅಗಲ, 8 ಅಡಿ ಎತ್ತರದ ಕೊಠಡಿಯಲ್ಲೂ ಕೊಡಬಹುದಲ್ಲ, ಮೇಲೆ ಹತ್ತುವ ಕಷ್ಟವೂ ತಪ್ಪುತ್ತದೆ, ಹಾಗೆ ಏಕೆ ಕಟ್ಟುವುದಿಲ್ಲ ಎಂದು ಕೇಳಿದೆ. ಮಕ್ಕಳು ಮೇಲ್ಮೈ ವಿಸ್ತೀರ್ಣ ಹಾಕಿದರು: ಚೌಕದ್ದಕ್ಕೆ 1536 ಚದರ ಅಡಿ, ಉದ್ದನೆಯದಕ್ಕೆ 1792. ವ್ಯತ್ಯಾಸ 256. ಅಂದರೆ ಸರಿಯಾಗಿ ಒಂದು ಗೋಡೆ! ಶಾಖ ಸೋರಲು ಅಷ್ಟು ಹೆಚ್ಚು ಜಾಗ, ಅಷ್ಟು ಹೆಚ್ಚು ಸೌದೆ ಎಂದು ತರಗತಿ ತೀರ್ಮಾನಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದಳು. “ನೆಲದಿಂದ ಶಾಖ ಅಷ್ಟು ಹೋಗಲ್ಲ ಮಿಸ್, ನೆಲ ಬಿಟ್ಟು ಲೆಕ್ಕ ಹಾಕಿ.” ನೆಲ ಬಿಟ್ಟರೆ ಎರಡೂ 1280! ತರಗತಿ ಒಂದು ಕ್ಷಣ ಸುಮ್ಮನಾಯಿತು.

ಲೆಕ್ಕ ಮುಗಿದು ಆಕಾರದ ಪಾಠ ಶುರುವಾದದ್ದು ಇಲ್ಲಿಂದ. ಹೊರಗಿನ ಅಳತೆಯಷ್ಟೇ ಉತ್ತರ ಕೊಡುವುದಿಲ್ಲವಾದರೆ ಒಳಗೆ ನೋಡಬೇಕು. ಮೂರನೇ ಅವಧಿಯಲ್ಲಿ ಗ್ರಾಫ್ ಹಾಳೆಯ ಮೇಲೆ 1 ಅಡಿಗೆ 1 ಸೆಂ.ಮೀ. ಪ್ರಮಾಣದಲ್ಲಿ ಮೇಲಿನ ನೋಟ, ಮುಂಭಾಗದ ನೋಟ ಬರೆಸಿದೆ. ಮುಂಭಾಗದ ನೋಟದಲ್ಲಿ ಒಂದು ಬಾಗಿಲು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆಮೇಲೆ, ಹಲಸಿನ ಹಣ್ಣನ್ನು ನಡುವೆ ಕೊಯ್ದಂತೆ ಬ್ಯಾರನ್ನನ್ನು ಮೇಲಿನಿಂದ ಕೆಳಗೆ ಕೊಯ್ದರೆ ಏನು ಕಾಣುತ್ತದೆ, ಬರೆಯಿರಿ ಎಂದೆ. ಇದನ್ನೇ ಛೇದನೋಟ ಎನ್ನುತ್ತಾರೆ. ನಮ್ಮ ಪಠ್ಯ ಇದಕ್ಕೆ ಕೊಡುವ ಜಾಗ ತೀರಾ ಕಡಿಮೆ. ಗೋಡೆಯಾಚೆ ಸೌದೆ ಒಲೆ, ಒಳಗೆ ನೆಲದ ಹತ್ತಿರ ಬಿಸಿ ಹೊಗೆ ಹರಿದುಹೋಗುವ ತಗಡಿನ ಕೊಳವೆ, ಅದು ಹೊರಬಂದು ಸೇರುವ ಚಿಮಣಿ, ಕೆಳಗೆ ಗಾಳಿ ಬರುವ ಕಿಂಡಿ, ಮೇಲೆ ತೇವ ಹೊರಹೋಗುವ ಕಿಂಡಿ, ನಡುವೆ ಒಂದರ ಮೇಲೊಂದು ಸಾಲಾಗಿ ಕಡ್ಡಿಗೆ ಕಟ್ಟಿ ತೂಗುಬಿಟ್ಟ ಸೊಪ್ಪು. ನಾನು ಹೇಳಿಕೊಡಬೇಕಾದದ್ದು ಬಹಳ ಕಡಿಮೆಯಿತ್ತು.

ಕೊಯ್ದ ಚಿತ್ರ ನೋಡಿದ ಮೇಲೆ ಉತ್ತರ ಮಕ್ಕಳಿಂದಲೇ ಬಂತು. ಬಿಸಿ ಗಾಳಿ ಮೇಲೇರುತ್ತದೆ; ಎತ್ತರವಿದ್ದರೆ ಅದೇ ಗಾಳಿ ಎಲ್ಲ ಸಾಲುಗಳನ್ನೂ ದಾಟಿ ಹೋಗುತ್ತದೆ. ಉದ್ದನೆಯ ಕೊಠಡಿಯಲ್ಲಿ ಬಿಸಿ ಸೇರುವ ಛಾವಣಿ 256ರ ಬದಲು 512 ಚದರ ಅಡಿ. ಒಲೆಯಿಂದ ದೂರದ ತುದಿಗೆ ಶಾಖ ಸಮನಾಗಿ ಮುಟ್ಟಿಸುವುದೂ ಕಷ್ಟ. ಸೊಪ್ಪು ಹಳದಿಯಾಗಲು 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಕೊನೆಗೆ ನಡುನರ ಒಣಗಲು 70ರ ಹತ್ತಿರ ಬೇಕು. ಐದಾರು ದಿನ ಈ ಶಾಖವನ್ನು ಹದವಾಗಿ ಏರಿಸುತ್ತಾ ಹೋಗಬೇಕಾದ ಕಟ್ಟಡಕ್ಕೆ ಕಿಟಕಿ ಏಕಿಲ್ಲ ಎಂದು ಯಾರೂ ಕೇಳಲಿಲ್ಲ.

ಒಬ್ಬಳ ಛೇದನೋಟದಲ್ಲಿ ಮೇಲಿನ ಸಾಲಿನ ಗಳುಗಳ ಮೇಲೆ ಕಾಲು ಅಗಲಿಸಿ ನಿಂತು ಕಡ್ಡಿ ಈಸಿಕೊಳ್ಳುವ ಅಪ್ಪನಿದ್ದ, ಕೆಳಗಿನಿಂದ ಎತ್ತಿಕೊಡುವ ಅವ್ವನಿದ್ದಳು. ವಾಸ್ತುಶಿಲ್ಪಿಗಳು ನಕ್ಷೆಯಲ್ಲಿ ಮನುಷ್ಯಾಕೃತಿ ಬರೆಯುವುದು ಕಟ್ಟಡದ ಪ್ರಮಾಣ ತಿಳಿಯಲೆಂದು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಚಿತ್ರದಲ್ಲಿ ಅಪ್ಪ 5 ಸೆಂ.ಮೀ.ಗಿಂತ ಸ್ವಲ್ಪ ಉದ್ದವಿದ್ದ, ಲೆಕ್ಕ ಸರಿಯಾಗಿಯೇ ಇತ್ತು. ಇಂಥದ್ದನ್ನು ಓದಲು ಏನು ಮಾಡಬೇಕೆಂದು ಅವಳು ಕೇಳಿದಳು. ಪಿಯುಸಿಯಲ್ಲಿ ಗಣಿತ ಇರಬೇಕು, ನಾಟಾ ಎಂಬ ಪರೀಕ್ಷೆ ಬರೆಯಬೇಕು, ಬಿ.ಆರ್ಕ್ ಐದು ವರ್ಷ ಎಂದು ಹಲಗೆಯ ಮೂಲೆಯಲ್ಲಿ ಬರೆದೆ. ಉಳಿದವರೂ ಬರೆದುಕೊಂಡರು.

ಮೌಲ್ಯಮಾಪನಕ್ಕೆ ತಮ್ಮ ಮನೆಯ ಕೊಟ್ಟಿಗೆಯ ಛೇದನೋಟ ಬರೆದು ತರಲು ಹೇಳಿದ್ದೆ. ಮುಂದಿನ ತಂಡದವರು ಬ್ಯಾರನ್ ತೋರಿಸಲು ಮಕ್ಕಳನ್ನು ಕರೆದೊಯ್ಯುವುದಾದರೆ ಒಲೆ ಆರಿರುವ ತಿಂಗಳುಗಳಲ್ಲಿ ಹೋಗಲಿ. ಸೊಪ್ಪು ಬೇಯುವಾಗ ಒಳಗೆ ಬಿಡುವುದೂ ಇಲ್ಲ, ಬಿಡಲೂಬಾರದು. ಕೆ.ಆರ್. ನಗರದ ಬತ್ತದ ಊರುಗಳಿಗೆ ಹೋಗುವವರಿಗೆ ಇದೇ ಪಾಠಕ್ಕೆ ಅಕ್ಕಿ ಗಿರಣಿ ಸಿಗುತ್ತದೆ. ಅಲ್ಲಿ ಬತ್ತ ಮೇಲಿನಿಂದ ಕೆಳಗಿಳಿಯುತ್ತದೆ, ಛೇದನೋಟವನ್ನು ತಿರುವಿ ಓದಬೇಕು.