ಹಾಸಿಗೆ ಹಿಡಿದ ವೃದ್ಧರನ್ನು ಎಬ್ಬಿಸಿ ನಡಿಸುವ ವಿಷಯವು

ರೋಗಿಗೆ ವಿಶ್ರಾಂತಿಯು ಬೇಕೆಂಬದು ನಿಜ. ಆದರೆ ವೃದ್ಧರನ್ನು ಹಗಲಿರುಳು ಮಲಗಿಸಿಯೇ ಇಟ್ಟರೆ ಒಂದು ರೋಗವು ಹೋಗುವ ಮೊದಲೇ ಇನ್ನೊಂದು ಬರುವದು.

ಬೆಂಗಳೂರಿನ ರಾಜಾಜಿನಗರದಲ್ಲಿ ಇ. ಎಸ್. ಐ. ಆಸ್ಪತ್ರೆಯಿದೆ. 1948ರ ಶಾಸನದಿಂದ ಹುಟ್ಟಿದ ಈ ವಿಮೆಯಿಂದ ಕೆಲಸಗಾರರಿಗೆ ಮಾತ್ರವಲ್ಲ, ಅವರ ಆಶ್ರಯದಲ್ಲಿರುವ ತಂದೆತಾಯಿಗಳಿಗೂ ಚಿಕಿತ್ಸೆಯುಂಟು. ಆದದರಿಂದ ಮಗನು ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಹಳ್ಳಿಯ ತಾಯಿಯು ಇಲ್ಲಿ ಬಂದು ಮಲಗುವದುಂಟು. ಇಂಥ ಸಮಯದಲ್ಲಿ ಸೊಸೆಯು ಹಾಸಿಗೆಯಲ್ಲೇ ಊಟ ಉಣಿಸಿ, ಅವರು ಏಳಹೋದರೆ, “ಬೇಡ ಅತ್ತೆ, ಮಲಕ್ಕೊಳ್ಳಿ” ಅನ್ನುವಳು. ಪ್ರೀತಿಯಿಂದ ಹೇಳಿದ ಆ ಮಾತೇ ಕೇಡನ್ನುಂಟುಮಾಡಬಹುದು.

ಹೇಗಂದರೆ, ಮಲಗಿರುವವರ ಕಾಲಿನ ಮಾಂಸಖಂಡಗಳು ಬೇಗನೆ ಕರಗುತ್ತವೆ. 2007ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪರಿಶೋಧನೆಯಲ್ಲಿ ಆರೋಗ್ಯವಂತರಾದ ವೃದ್ಧರನ್ನೇ 10 ದಿವಸ ಮಲಗಿಸಿ ನೋಡಲಾಗಿ, ಅವರ ಕಾಲುಗಳಲ್ಲಿ ಸುಮಾರು 1 ಕಿಲೋಗ್ರಾಮಿನಷ್ಟು ಮಾಂಸವು ಕಡಿಮೆಯಾಗಿತ್ತು. ಹೀಗಿರಲಾಗಿ ರೋಗದಿಂದ ಬಳಲಿದವರ ಪಾಡನ್ನು ಹೇಳತಕ್ಕದ್ದೇನು? ಇದಲ್ಲದೆ ಬೆನ್ನಿನ ಹುಣ್ಣು, ಎದೆಯಲ್ಲಿ ಕಫ, ಮಲಬದ್ಧತೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬುದ್ಧಿಭ್ರಮೆ ಮುಂತಾದವುಗಳು ಉಂಟಾಗಬಹುದು. ಲಂಡನ್ನಿನ ವೈದ್ಯರಾದ ರಿಚರ್ಡ್ ಆಶರ್ ಎಂಬವರು 1947ರಲ್ಲಿಯೇ ಈ ಅಪಾಯಗಳನ್ನು ಕುರಿತು ಬರೆದರು. ಜ್ವರವು ಬಿಟ್ಟರೂ, ನಡೆದು ಬಂದ ತಾಯಿಯನ್ನು ಎತ್ತಿಕೊಂಡು ಹೋಗಬೇಕಾಗುವದು ಈ ಕಾರಣದಿಂದಲೇ.

ಹಾಗಾದರೆ ಮಾಡತಕ್ಕದ್ದೇನು?

ಮೊದಲನೆಯದು, ಏಳಬಹುದೋ ಎಂದು ಡಾಕ್ಟರನ್ನಾಗಲಿ ನರ್ಸಮ್ಮನನ್ನಾಗಲಿ ದಿನವೂ ಕೇಳಿರಿ. ಎಲುಬು ಮುರಿದಿದ್ದರೆ, ಇಲ್ಲವೆ ಹೃದಯಾಘಾತವು ಹೊಸದಾಗಿದ್ದರೆ, ಅವರ ಅಪ್ಪಣೆಯಿಲ್ಲದೆ ಎಬ್ಬಿಸಬಾರದು.

ಎರಡನೆಯದು, ತಟ್ಟನೆ ನಿಲ್ಲಿಸಬೇಡಿರಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸಿರಿ. ಯಾಕಂದರೆ ಫಕ್ಕನೆ ಎದ್ದರೆ ರಕ್ತದೊತ್ತಡವು ಇಳಿದು ತಲೆ ಸುತ್ತುವದು.

ಮೂರನೆಯದು, ಊಟವನ್ನು ಕುರ್ಚಿಯಲ್ಲಿ ಕೂತು ಮಾಡಲಿ. ಕಕ್ಕಸಿಗೆ ಕೈಹಿಡಿದು ನಡಿಸಿರಿ. ಏಳಲಾರದವರು ಮಲಗಿದ್ದಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸಲಿ.

ನಾಲ್ಕನೆಯದು, ಮನೆಯಿಂದ ಅವರ ಕನ್ನಡಕ, ಊರುಗೋಲು, ಜಾರದ ಚಪ್ಪಲಿ ಇವುಗಳನ್ನು ತನ್ನಿರಿ. ಬಿದ್ದು ಸೊಂಟ ಮುರಿದರೆ ಮಾಡಿದ್ದೆಲ್ಲಾ ವ್ಯರ್ಥವಾಗುವದು.

ನಡೆಯುವಾಗ ಎದೆನೋವು, ಉಬ್ಬಸ, ತಲೆಸುತ್ತು ಕಂಡರೆ ಕೂಡಲೆ ಕೂರಿಸಿ ನರ್ಸಮ್ಮನನ್ನು ಕರೆಯಿರಿ. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕದೆ ಡಾಕ್ಟರಿಗೆ ತಿಳಿಸಿರಿ.

ಹಿರಿಯರ ಸೇವೆಗೆ ಆಸ್ಪತ್ರೆಯಲ್ಲಿ ನಿಲ್ಲುವವರೇ, ಅವರ ಕೈಯಿಂದಾಗುವದನ್ನು ಅವರಿಗೇ ಬಿಟ್ಟು, ಬೀಳದ ಹಾಗೆ ಪಕ್ಕದಲ್ಲಿ ನಿಲ್ಲಿರಿ. ದಿನಕ್ಕೆ ನಾಲ್ಕು ಹೆಜ್ಜೆಯಾದರೂ ನಡೆದ ವೃದ್ಧರು ತಮ್ಮ ಮನೆಯ ಹೊಸ್ತಿಲನ್ನು ತಮ್ಮ ಕಾಲಿನಿಂದಲೇ ದಾಟುವ ನಿರೀಕ್ಷೆ ಹೆಚ್ಚು.