ಸಂತೆಯಲ್ಲಿ ಹುಟ್ಟಿದ ಸಮಾಧಾನ

(ಸಭಾಕೂಟಗಳಲ್ಲಿ ಓದಿ ಆಲೋಚಿಸುವದಕ್ಕೆ ಒಂದು ಪಾಠ)

ನಮ್ಮ ಗ್ರಾಮಸಭೆಗಳಲ್ಲಿ ಜಗಳವೇ ಇಲ್ಲವೆಂದು ನಾವು ಹೇಳಲಾರೆವು. ಹೊಲದ ಬದುವಿನ ವಿಷಯವಾಗಿಯೂ, ಕಾಲುವೆಯ ನೀರಿನ ಸರದಿಯ ವಿಷಯವಾಗಿಯೂ, ತಂದೆ ಬಿಟ್ಟುಹೋದ ಮನೆಯ ಪಾಲಿನ ವಿಷಯವಾಗಿಯೂ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಆದಿತ್ಯವಾರ ಇಬ್ಬರೂ ಒಂದೇ ಆಲಯಕ್ಕೆ ಬಂದರೂ ಒಬ್ಬನು ಈ ಬಾಗಲಿಂದಲೂ ಇನ್ನೊಬ್ಬನು ಆ ಬಾಗಲಿಂದಲೂ ಹೊರಟುಹೋಗುತ್ತಾನೆ. ಕರ್ತನು ಬೆಟ್ಟದ ಮೇಲೆ ಉಪದೇಶ ಮಾಡಿದಾಗ ಸಮಾಧಾನ ಮಾಡಿಸುವವರನ್ನು ಹೊಗಳಿದನೆಂಬದನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಕೆಲಸವನ್ನು ಹೇಗೆ ಮಾಡತಕ್ಕದ್ದೆಂದು ಕಲಿತವರು ಕೊಂಚವೇ.

ನಮ್ಮ ತಪ್ಪನ್ನೇ ಮೊದಲು ಹೇಳುವೆವು. ಕೆಲವು ವರುಷಗಳ ಹಿಂದೆ ಒಂದು ಹಳ್ಳಿಯಲ್ಲಿ ಬದುವಿನ ನಿಮಿತ್ತ ಬೇರೆಯಾಗಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಒಂದುಗೂಡಿಸಬೇಕೆಂದು ಹೋದೆವು. ಅಣ್ಣನ ಮನೆ ದಾರಿಯ ಬದಿಯಲ್ಲೇ ಇದ್ದದ್ದರಿಂದ ಮೊದಲು ಅಲ್ಲಿಗೆ ಹೋಗಿ, ಅವನ ಮಾತನ್ನೆಲ್ಲಾ ಕೇಳಿ, ಅಲ್ಲಿಯೇ ಊಟಮಾಡಿ, ಸಾಯಂಕಾಲಕ್ಕೆ ತಮ್ಮನ ಮನೆಗೆ ಹೋದೆವು. ಅವನು ನಮ್ಮನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಕುಡಿಯಲು ನೀರು ಕೊಟ್ಟು, "ಅಯ್ಯನವರೇ, ತಾವು ತೀರ್ಪನ್ನು ಅಣ್ಣನ ಮನೆಯಲ್ಲೇ ಉಂಡು ಬಂದಿದ್ದೀರಿ" ಅಂದನು. ಅದಕ್ಕೆ ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ನಮ್ಮ ಮನಸ್ಸಿನಲ್ಲಿ ಪಕ್ಷಪಾತವಿರಲಿಲ್ಲವೆಂಬದು ನಿಜ; ಆದರೆ ನಮ್ಮ ಕಾಲುಗಳು ನಡೆದ ದಾರಿಯಲ್ಲಿ ಅದಿತ್ತು. ಆ ವರುಷ ಆ ಬದುವಿನ ಜಗಳ ತೀರಲಿಲ್ಲ.

ಆ ದಿನದಿಂದ, ಇಬ್ಬರ ನಡುವೆ ನಿಲ್ಲುವವನು ಹೇಗಿರಬೇಕು, ಎಲ್ಲಿಂದ ಆರಂಭಿಸಬೇಕು ಎಂದು ವಿಚಾರಿಸುತ್ತಾ ಬಂದೆವು. ಹೀಗಿರಲಾಗಿ ಆಫ್ರಿಕ ಖಂಡದ ಕೆನ್ಯಾ ದೇಶದಲ್ಲಿ ನಡೆದ ಒಂದು ಸಂಗತಿ ನಮಗೆ ಒಳ್ಳೇ ಪಾಠವಾಯಿತು. ಅದನ್ನು ನಡಿಸಿದವರಲ್ಲಿ ಹೆಚ್ಚಿನವರು ಮುಸಲ್ಮಾನರು, ನಮ್ಮ ಮತದವರಲ್ಲ. ಆದರೂ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಸಾಮ್ಯವನ್ನು ಕೇಳಿದ ನಾವು ನೆರೆಯವರಿಂದ ಕಲಿಯುವದಕ್ಕೆ ನಾಚಬೇಕಾದದ್ದಿಲ್ಲ.

1. ವಜೀರ್ ಸೀಮೆಯ ಸಂಕಟ

ಕೆನ್ಯಾ ದೇಶದ ಈಶಾನ್ಯ ಭಾಗದಲ್ಲಿ, ಸೋಮಾಲಿಯ ದೇಶದ ಎಲ್ಲೆಗೆ ತಗಲಿಕೊಂಡು, ವಜೀರ್ ಎಂಬ ಸೀಮೆಯುಂಟು. ಅದು ಮಳೆ ಕಡಿಮೆಯಾದ ಬಯಲು ನೆಲ. ಅಲ್ಲಿಯ ಜನರು ಸೋಮಾಲಿ ಭಾಷೆಯವರು. ಒಂಟೆ, ದನ, ಕುರಿ, ಆಡುಗಳನ್ನು ಮೇಯಿಸುತ್ತಾ, ಹುಲ್ಲೂ ನೀರೂ ಇರುವ ಕಡೆಗೆ ಮಂದೆಗಳನ್ನು ಹೊಡೆದುಕೊಂಡು ಹೋಗುವವರು. ಬಾವಿಯೇ ಅಲ್ಲಿ ಜೀವ. ಅವರಲ್ಲಿ ಅಜುರಾನ್, ದೆಗೋದಿಯ, ಒಗಾದೇನ್ ಎಂಬ ಮೂರು ಕುಲಗಳು ದೊಡ್ಡವು. ಇನ್ನು ಕೆಲವು ಸಣ್ಣವು.

1991ರಲ್ಲಿ ನೆರೆಯ ಸೋಮಾಲಿಯದ ಸರಕಾರವು ಬಿದ್ದುಹೋಯಿತು. ಅಲ್ಲಿಂದ ದಿಕ್ಕಿಲ್ಲದ ಜನರು ಎಲ್ಲೆ ದಾಟಿ ಬಂದರು. ಅವರ ಹಿಂದೆ ಬಂದೂಕುಗಳೂ ಬಂದವು. ಅದೇ ಕಾಲದಲ್ಲಿ ಮಳೆ ತಪ್ಪಿ ಮಂದೆಗಳು ಸಾಯತೊಡಗಿದವು. ಉಳಿದ ಹುಲ್ಲಿಗಾಗಿಯೂ ನೀರಿಗಾಗಿಯೂ ಹೊಡೆದಾಟ ಹತ್ತಿತು. 1992ರ ಕೊನೆಯಲ್ಲಿ ಚುನಾವಣೆ ಬರಲಾಗಿ, ಯಾವ ಕುಲದವನು ಗೆಲ್ಲಬೇಕೆಂಬ ಪಂತವೂ ಅದಕ್ಕೆ ಕೂಡಿಕೊಂಡಿತು. ಹಿಂದೆ ಕೋಲಿನಿಂದ ಮುಗಿಯುತ್ತಿದ್ದ ಜಗಳಗಳು ಈಗ ಗುಂಡಿನಿಂದ ನಡೆದವು. ಸರಕಾರವು ಆ ಪ್ರಾಂತದಲ್ಲಿ ತುರ್ತು ಆಡಳಿತವನ್ನು ಜಾರಿಗೆ ತಂದರೂ ಕೊಲೆಗಳು ನಿಲ್ಲಲಿಲ್ಲ.

ಆ ಊರಲ್ಲಿ ದೇಖಾ ಇಬ್ರಾಹಿಂ ಅಬ್ದಿ ಎಂಬ ಉಪಾಧ್ಯಾಯಿನಿ ಇದ್ದಳು. ಒಂದು ರಾತ್ರಿ ಮನೆಯ ಹತ್ತಿರ ಗುಂಡುಗಳು ಹಾರಲಾಗಿ ಆಕೆ ತನ್ನ ಚೊಚ್ಚಲ ಕೂಸನ್ನು ಅವಚಿಕೊಂಡು ಮಂಚದ ಕೆಳಗೆ ಅಡಗಿದಳು. ಬೆಳಗಾದ ಮೇಲೆ ಆಕೆಯ ತಾಯಿ, ನೀನು ಕೂಸಾಗಿದ್ದಾಗ ನಾನೂ ನಿನ್ನನ್ನು ಹೀಗೆಯೇ ಮಂಚದ ಕೆಳಗೆ ಅಡಗಿಸಿದ್ದೆನೆಂದು ಜ್ಞಾಪಕಮಾಡಿದಳು. ಯಾಕಂದರೆ 1960ರ ದಶಕದಲ್ಲಿಯೂ ಆ ಸೀಮೆಯಲ್ಲಿ ದಂಗೆ ನಡೆದಿತ್ತು. ಆಗ ಮಗಳ ಮನಸ್ಸು ಕದಲಿತು. ತಾನು ಅಡಗಿದ ಸ್ಥಳದಲ್ಲೇ ತನ್ನ ಮಗಳೂ ಮುಂದೆ ತನ್ನ ಮಕ್ಕಳನ್ನು ಅಡಗಿಸಬೇಕೋ? ಇದು ಆಕೆಯ ಪ್ರಶ್ನೆಯಾಯಿತು.

2. ಸಂತೆಯ ಹೆಂಗಸರು

ಬೇರೆ ಬೇರೆ ಕುಲದ ಕೆಲವು ಹೆಂಗಸರು ಒಂದು ಮದುವೆಯಲ್ಲಿ ಕೂಡಿದ್ದಾಗ ಈ ಮಾತು ಎದ್ದಿತು. ಮದುವೆಗೆ ಬರುವದಕ್ಕೆ ಅವರಿಗೆ ಅಡ್ಡಿಯಿರಲಿಲ್ಲ. ಹಾಗಾದರೆ ಸಮಾಧಾನಕ್ಕಾಗಿ ಕೂಡುವದಕ್ಕೆ ಅಡ್ಡಿ ಏನು? ಅವರು ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಿರಲಿಲ್ಲ. ಕೈಯಲ್ಲಿ ಅಧಿಕಾರವೂ ಹಣವೂ ಇರಲಿಲ್ಲ.

ಎಲ್ಲಿಂದ ಆರಂಭಿಸಿದರು ನೋಡಿರಿ. ಊರಿನ ಸಂತೆಯಲ್ಲಿ ಒಂದು ಕುಲದ ಹೆಂಗಸರು ಇನ್ನೊಂದು ಕುಲದವರಿಗೆ ಹಾಲನ್ನೂ ಕಾಳನ್ನೂ ಮಾರದೆ ಹೋಗುತ್ತಿದ್ದರು, ಹೊಡೆದಾಟವೂ ಆಗುತ್ತಿತ್ತು. ಬಯಲಿನಲ್ಲಿ ತಿರುಗುವ ಬಂದೂಕಿನವರನ್ನು ತಡೆಯಲು ಈ ಹೆಂಗಸರಿಂದಾಗದು. ಆದರೆ ಸಂತೆ ಅವರದ್ದೇ. ಆದಕಾರಣ ಮೊದಲು ಅದನ್ನೇ ಕಾಯುವೆವೆಂದು ನಿರ್ಣಯಿಸಿದರು. ಯಾವ ಕುಲದವಳಾದರೂ ಭಯವಿಲ್ಲದೆ ಕೊಳ್ಳಬೇಕು, ಮಾರಬೇಕು. ಅಳತೆ ತೂಕದಲ್ಲಾಗಲಿ ಬೆಲೆಯಲ್ಲಾಗಲಿ ಭೇದವಿರಬಾರದು ಎಂದು ಕಟ್ಟುಮಾಡಿ, ನೋಡಿಕೊಳ್ಳುವವರನ್ನು ಅಲ್ಲಲ್ಲಿ ನಿಲ್ಲಿಸಿದರು. ತಂಟೆ ಹುಟ್ಟಿದ ಕೂಡಲೆ ಓಡಿಹೋಗಿ ಮಾತಾಡಿ ಅಡಗಿಸಿದರು. ಕೆಲವು ಕಾಲಕ್ಕೆ ಸಂತೆ ನಿರ್ಭಯವಾದ ಸ್ಥಳವಾಯಿತು.

3. ಹಿರಿಯರೂ ಯೌವನಸ್ಥರೂ

ಆದರೆ ಸಂತೆಯ ಹೊರಗೆ ಕೊಲೆಗಳು ಇನ್ನೂ ನಡೆಯುತ್ತಿದ್ದವು. ಸೋಮಾಲಿ ಜನರಲ್ಲಿ ಕುಲದ ಹಿರಿಯರ ಮಾತಿಗೆ ಬಲ ಹೆಚ್ಚು. ಒಬ್ಬನು ಕೊಲೆ ಮಾಡಿದರೆ ಅವನ ಬಂಧುಗಳೆಲ್ಲರೂ ಕೂಡಿ ಜಾನುವಾರುಗಳ ರೂಪವಾಗಿ ದಂಡ ತೆರುವ ಪದ್ಧತಿ ಅವರಲ್ಲುಂಟು. ಆದದರಿಂದ ಹಿರಿಯರು ಒಪ್ಪದೆ ಯಾವ ಸಂಧಾನವೂ ನಿಲ್ಲದು. ಹೆಂಗಸರು ತಾವೇ ಹಿರಿಯರ ಮುಂದೆ ನಿಂತು ಬೋಧಿಸಲು ಹೋಗಲಿಲ್ಲ. ಹಾಗೆ ಮಾಡಿದರೆ, ಇವರಿಗೆ ಈ ಅಧಿಕಾರ ಕೊಟ್ಟವರು ಯಾರೆಂಬ ಪ್ರಶ್ನೆ ಬರುವದೆಂದು ಅವರು ಬಲ್ಲರು. ಎಲ್ಲರಿಗಿಂತ ಸಣ್ಣದಾದ, ಯಾರಿಗೂ ಭಯ ಹುಟ್ಟಿಸದ ಒಂದು ಕುಲದ ಮುದುಕನನ್ನು ಹುಡುಕಿ, ಮಾತೆತ್ತುವ ಕೆಲಸವನ್ನು ಅವನಿಗೆ ಒಪ್ಪಿಸಿದರು. ಈ ಕಾದಾಟದಿಂದ ಯಾರಿಗೆ ಲಾಭವಾಯಿತು, ನಮ್ಮ ಕುಟುಂಬಗಳು ಹಾಳಾಗುತ್ತಿವೆಯಲ್ಲಾ ಎಂದು ಅವನು ನೇರವಾಗಿ ಕೇಳಿದನು. ದೊಡ್ಡ ಕುಲದವನು ಹೀಗೆ ಕೇಳಿದ್ದರೆ ಅದು ಬೆದರಿಕೆಯಾಗಿ ಕಾಣುತ್ತಿತ್ತು. ಸಣ್ಣವನು ಕೇಳಿದ್ದರಿಂದ ಅದು ಪ್ರಶ್ನೆಯಾಗಿಯೇ ಉಳಿಯಿತು.

ಹೀಗೆ ಮಾತುಕತೆ ನಡೆದು, 1993ರ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯರು ಅಲ್ ಫತಾಹ್ ಎಂಬ ಹೆಸರಿನ ಒಡಂಬಡಿಕೆಗೆ ಒಪ್ಪಿದರು. ಶಾಂತಿಗೆ ತಿರುಗುವ ಕ್ರಮವೂ ಮುಂದೆ ಕೂಡಿ ಬಾಳುವ ನಿಯಮಗಳೂ ಅದರಲ್ಲಿದ್ದವು.

ಆ ಮೇಲೆ ಬಂದೂಕು ಹಿಡಿದ ಯೌವನಸ್ಥರನ್ನು ಕಂಡು ಮಾತಾಡಿದರು. ಬಂದೂಕನ್ನು ಬಿಟ್ಟರೆ ನಮಗೆ ಕೆಲಸವೆಲ್ಲಿ ಎಂದು ಅವರು ಕೇಳಿದರು. ಇದು ನ್ಯಾಯವಾದ ಪ್ರಶ್ನೆಯೇ. ಆದದರಿಂದ ವರ್ತಕರನ್ನೂ ಕೂಡಿಸಿಕೊಂಡು, ಯೌವನಸ್ಥರಿಗೆ ಜೀವನೋಪಾಯ ಒದಗುವಂತೆ ಪ್ರಯತ್ನಪಟ್ಟರು. ಸರಕಾರದ ಅಧಿಕಾರಿಗಳ ಬಳಿಗೂ ಹೋಗಿ, ಈ ಕೆಲಸಕ್ಕೆ ಅಡ್ಡಿಯಾಗಬೇಡಿರೆಂದು ಬೇಡಿಕೊಂಡರು. ಎಲ್ಲಿಯಾದರೂ ಕಳವೋ ಕೊಲೆಯೋ ಆದರೆ ಹಿರಿಯರೂ, ಹೆಂಗಸರೂ, ಮತದ ಮುಖ್ಯಸ್ಥರೂ, ಅಧಿಕಾರಿಗಳೂ ಕೂಡಿದ ಒಂದು ತಂಡವು ಸೇಡಿನ ಕೈ ಏಳುವದಕ್ಕೆ ಮುಂಚೆಯೇ ಅಲ್ಲಿಗೆ ಹೋಗಿ ಮುಟ್ಟುತ್ತಿತ್ತು. 1995ರಲ್ಲಿ ಈ ಗುಂಪುಗಳೆಲ್ಲಾ ಸೇರಿ ವಜೀರ್ ಶಾಂತಿ ಮತ್ತು ಅಭಿವೃದ್ಧಿ ಸಮಿತಿಯಾದವು. ತರುವಾಯ ಇಂಥ ಸಮಿತಿಗಳು ಆ ದೇಶದ ಬೇರೆ ಜಿಲ್ಲೆಗಳಲ್ಲಿಯೂ ಹುಟ್ಟಿದವು. 2007ರ ದಶಂಬರದ ಚುನಾವಣೆಯ ಮೇಲೆ ಕೆನ್ಯಾ ದೇಶವೆಲ್ಲಾ ಉರಿಯಲಾಗಿ, ಸಾವಿರಕ್ಕಿಂತ ಹೆಚ್ಚು ಜನರು ಸತ್ತಾಗ, ಶಾಂತಿಗಾಗಿ ಮುಂದೆ ಬಂದ ನಾಗರಿಕರಲ್ಲಿ ದೇಖಾ ಒಬ್ಬಳಾಗಿದ್ದಳು. ಕೋಫಿ ಅನ್ನಾನರ ಮಧ್ಯಸ್ಥಿಕೆಯಿಂದ 2008ರ ಫೆಬ್ರುವರಿ 28ರಂದು ಎರಡು ಪಕ್ಷದ ನಾಯಕರು ಒಡಂಬಡಿಕೆಗೆ ರುಜು ಹಾಕಿದರು. ಆಕೆ 2011ರಲ್ಲಿ ತೀರಿಹೋದಳು. ವಜೀರ್ ಸೀಮೆಯಲ್ಲಿ ಆ ಮೇಲೆಯೂ ಜಗಳಗಳು ಎದ್ದದ್ದುಂಟು. ಸಮಾಧಾನವು ಒಮ್ಮೆ ಕಟ್ಟಿ ಬಿಡುವ ಗೋಡೆಯಲ್ಲ. ವರುಷ ವರುಷವೂ ಮಣ್ಣು ಹಾಕಬೇಕಾದ ಕೆರೆಯ ಏರಿ.

4. ನಾವು ಕಲಿಯತಕ್ಕದ್ದು

ಮೊದಲನೆಯದು, ನಮ್ಮ ಕೈಗೆ ಎಟಕುವ ಸ್ಥಳದಿಂದ ಆರಂಭಿಸಬೇಕು. ಆ ಹೆಂಗಸರು ಸಂತೆಯಿಂದ ಆರಂಭಿಸಿದರು. ನಮ್ಮಲ್ಲಿ ಅದು ನೀರಿನ ನಲ್ಲಿಯಾಗಿರಬಹುದು, ಹಾಲಿನ ಡೇರಿಯಾಗಿರಬಹುದು, ಮಕ್ಕಳ ಶಾಲೆಯಾಗಿರಬಹುದು.

ಎರಡನೆಯದು, ನಡುವೆ ನಿಲ್ಲುವವನು ಬಲಿಷ್ಠನೇ ಆಗಬೇಕೆಂಬ ನಿಯಮವಿಲ್ಲ, ಇಬ್ಬರೂ ನಂಬತಕ್ಕವನಾಗಿರಬೇಕು. ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿ, ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ಅನ್ಯಾಯವಾಗುತ್ತದೆಂಬ ದೂರು ಹುಟ್ಟಿತು. ಅದನ್ನು ಸರಿಪಡಿಸಲು ಆರಿಸಲ್ಪಟ್ಟ ಏಳು ಮಂದಿಯ ಹೆಸರುಗಳನ್ನು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಓದಿ ನೋಡಿರಿ. ಏಳೂ ಗ್ರೀಕ್ ಹೆಸರುಗಳೇ.

ಮೂರನೆಯದು, ಕ್ರಮ ತಪ್ಪಬಾರದು. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕರ್ತನು ತೋರಿಸಿದ ಕ್ರಮವೇನು? ಮೊದಲು ಇಬ್ಬರೇ ಕೂತು ಮಾತಾಡಬೇಕು; ಆಗದಿದ್ದರೆ ಒಬ್ಬಿಬ್ಬರನ್ನು ಸಂಗಡ ಕರೆದುಕೊಳ್ಳಬೇಕು; ಅದೂ ಆಗದಿದ್ದರೆ ಸಭೆಗೆ ತಿಳಿಸಬೇಕು. ನಾವಾದರೋ ಕೊನೆಯದನ್ನೇ ಮೊದಲು ಮಾಡುತ್ತೇವೆ. ಇಡೀ ಊರಿಗೆ ಹೇಳಿದ ಮೇಲೆ ಮನುಷ್ಯನು ತನ್ನ ಮಾನಕ್ಕೆ ಅಂಜಿ ಹಿಂದಕ್ಕೆ ಬರಲಾರನು.

ನಾಲ್ಕನೆಯದು, ಮಾತಿನ ಕೆಳಗಿರುವ ಕೊರತೆಯನ್ನು ಹುಡುಕಬೇಕು. ಬಂದೂಕಿನ ಹಿಂದೆ ಹಸಿವೆ ಇತ್ತು. ಬದುವಿನ ಜಗಳದ ಹಿಂದೆ ಅನೇಕ ಸಾರಿ ಹಳೇ ಸಾಲವೋ, ತಾಯಿಯನ್ನು ಯಾರು ನೋಡಿಕೊಂಡರೆಂಬ ನೋವೋ ಇರುತ್ತದೆ.

5. ಎಲ್ಲೆಯೂ ಉಂಟು

ಸಮಾಧಾನವೆಂಬ ಹೆಸರಿನಿಂದ ಅನ್ಯಾಯವನ್ನು ಮುಚ್ಚಬಾರದು. ಹೆಂಡತಿಯನ್ನು ಹೊಡೆಯುವವನನ್ನೂ, ಮಕ್ಕಳನ್ನು ಕೆಡಿಸಿದವನನ್ನೂ, ಕೊಲೆಗಾರನನ್ನೂ ಪಂಚಾಯ್ತಿಯಲ್ಲಿ ಕೂಡ್ರಿಸಿ ಕೈ ಕೂಡಿಸುವದು ಸಂಧಾನವಲ್ಲ. ಬಲಹೀನರನ್ನು ಮತ್ತೊಂದು ಸಾರಿ ತುಳಿಯುವದೇ. ಅಂಥ ವಿಷಯಗಳಲ್ಲಿ ಪೊಲೀಸರ ಬಳಿಗೂ ನ್ಯಾಯಾಲಯಕ್ಕೂ ಹೋಗುವದೇ ಸರಿ. ಬೇರೆ ವ್ಯಾಜ್ಯಗಳಿಗೆ ನಮ್ಮ ದೇಶದ ಕಾನೂನೇ ಒಂದು ಮೆತ್ತನೆಯ ದಾರಿಯನ್ನು ತೆರೆದಿದೆ. 1987ರ ಕಾನೂನಿನ ಮೇರೆಗೆ ಲೋಕ ಅದಾಲತ್‌ಗಳು ನಡೆಯುತ್ತವೆ. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ರಾಜಿಯಾಗುವದು. ಆದ ಮೇಲೆ ಅದು ನ್ಯಾಯಾಲಯದ ತೀರ್ಪಿಗೆ ಸಮಾನವಾಗಿದ್ದು ಅದರ ಮೇಲೆ ಅಪೀಲಿಲ್ಲ. ನಡೆಯುತ್ತಿದ್ದ ದಾವೆಯು ಹೀಗೆ ತೀರಿದರೆ ಕಟ್ಟಿದ ಫೀಸು ಹಿಂದಕ್ಕೆ ಬರುತ್ತದೆ. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಉಚಿತವಾಗಿ ವಕೀಲರ ಸಹಾಯ ದೊರೆಯುವದು. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು. 2023ರ ಮಧ್ಯಸ್ಥಿಕೆಯ ಕಾನೂನಿನಲ್ಲಿಯೂ, ನೆರೆಹೊರೆಯ ಶಾಂತಿಗೆ ಸಂಬಂಧಪಟ್ಟ ಜಗಳಗಳನ್ನು ಇಬ್ಬರೂ ಮುಂದಾಗಿ ಒಪ್ಪಿದರೆ ಮೂವರು ಮಧ್ಯಸ್ಥರು ತೀರಿಸುವ ಕ್ರಮವು ಹೇಳಲ್ಪಟ್ಟಿದೆ.

ಕೊನೆಗೆ ಆ ಅಣ್ಣತಮ್ಮಂದಿರ ಸಂಗತಿ. ಮರುವರುಷ ನಾವು ತಿರಿಗಿ ಹೋದೆವು. ಆದರೆ ಯಾರ ಮನೆಗೂ ಹೋಗಲಿಲ್ಲ. ಇಬ್ಬರನ್ನೂ ಸಾಕಿ ಆಡಿಸಿದ್ದ ಅವರ ಮುದಿ ಸೋದರತ್ತೆಯನ್ನು ಬೇಡಿಕೊಂಡು, ಹೊಲದ ಬದುವಿನ ಬಳಿಯಲ್ಲಿದ್ದ ಹುಣಿಸೇ ಮರದ ಕೆಳಗೆ ಕೂಡಿದೆವು. ಆ ಅಮ್ಮನು ಇಬ್ಬರಿಗೂ ಸಮಯ ಕೊಟ್ಟು, ಒಬ್ಬನು ಮಾತಾಡುವಾಗ ಇನ್ನೊಬ್ಬನು ಬಾಯಿ ತೆರೆಯಬಾರದೆಂದು ಕಟ್ಟುಮಾಡಿದಳು. ನಾವು ಸುಮ್ಮನೆ ಕೂತಿದ್ದೆವು. ಮೋಜಣಿದಾರನನ್ನು ಕರಿಸಿ ಅಳೆಯಿಸುವದಕ್ಕೆ ಇಬ್ಬರೂ ಒಪ್ಪಿದರು, ಖರ್ಚನ್ನು ಅರ್ಧರ್ಧ ಹಾಕಿದರು, ಬಾಂದುಕಲ್ಲು ನೆಟ್ಟಾಯಿತು. ಅವರು ಇಂದಿಗೂ ಒಬ್ಬರ ಮನೆಯಲ್ಲೊಬ್ಬರು ಉಣ್ಣುವದಿಲ್ಲ. ಆದರೆ ದಾರಿಯಲ್ಲಿ ಕಂಡರೆ ಮಾತಾಡುತ್ತಾರೆ. ಅವರ ಮಕ್ಕಳು ಒಟ್ಟಿಗೆ ಶಾಲೆಗೆ ಹೋಗುತ್ತಾರೆ. ಇಷ್ಟಕ್ಕಾಗಿ ನಾವು ದೇವರನ್ನು ಸ್ತುತಿಸುತ್ತೇವೆ, ಉಳಿದದ್ದಕ್ಕಾಗಿ ಕಾದುಕೊಂಡಿದ್ದೇವೆ.

ಆಲೋಚಿಸತಕ್ಕ ಪ್ರಶ್ನೆಗಳು

1. ವಜೀರಿನ ಹೆಂಗಸರು ಸಂತೆಯಿಂದ ಆರಂಭಿಸಿದ್ದು ಯಾಕೆ? ನಮ್ಮ ಊರಲ್ಲಿ ಅಂಥ ಸ್ಥಳ ಯಾವದು?

2. ಹಿರಿಯರ ಮುಂದೆ ಮಾತೆತ್ತಲು ಸಣ್ಣ ಕುಲದ ಮುದುಕನನ್ನು ಆರಿಸಿದ್ದರಿಂದ ಆದ ಪ್ರಯೋಜನವೇನು?

3. ನಮ್ಮ ಸಭೆಯಲ್ಲಿ ಮಾತು ಬಿಟ್ಟ ಮನೆಗಳುಂಟೋ? ಅವರಿಬ್ಬರೂ ನಂಬತಕ್ಕವರು ಯಾರು? (ಹೆಸರುಗಳನ್ನು ಕೂಟದಲ್ಲಿ ಹೇಳಬೇಡಿರಿ; ಮನಸ್ಸಿನಲ್ಲಿಟ್ಟು ಪ್ರಾರ್ಥಿಸಿರಿ.)

4. ಯಾವ ವಿಷಯಗಳನ್ನು ರಾಜಿಮಾಡಬಾರದು, ಯಾಕೆ?