ಓದಲು ತೊಡಕುವ ಮಗುವಿಗೆ ನೆರವು

ಮಾತು ತಾಯಿಯ ಮಡಿಲಿನಲ್ಲಿ ತಾನಾಗಿ ಬರುತ್ತದೆ; ಓದು ಹಾಗೆ ಬರುವುದಿಲ್ಲ. ಅದನ್ನು ಒಬ್ಬರು ಕಲಿಸಬೇಕು, ಮತ್ತೊಬ್ಬರು ಕಲಿಯಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 2,200ಕ್ಕೂ ಹೆಚ್ಚು ವರ್ಷಗಳ ಹಿಂದೆ ಅಶೋಕ ಚಕ್ರವರ್ತಿಯ ಶಾಸನವನ್ನು ಬಂಡೆಯ ಮೇಲೆ ಬರೆದ ಚಪಡನೆಂಬ ಲಿಪಿಕಾರನೂ ಒಂದು ಕಾಲಕ್ಕೆ ಅಕ್ಷರ ಕಲಿತವನೇ. ಆದುದರಿಂದ ಓದಿನಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು, ಸೋಮಾರಿಯೆಂದು ಹಳಿಯುವ ಮುನ್ನ ತೊಡಕು ಎಲ್ಲಿದೆಯೆಂದು ಹುಡುಕುವುದು ಹೆತ್ತವರ ಕರ್ತವ್ಯ.

ಮೊದಲು ಗಮನಿಸಬೇಕಾದ ಅಂಶಗಳು

1. ಕಣ್ಣು: ಮಗುವು ಪುಸ್ತಕವನ್ನು ಮುಖದ ಹತ್ತಿರ ಹಿಡಿಯುವುದೇ? ಕರಿಹಲಗೆಯನ್ನು ನೋಡುವಾಗ ಕಣ್ಣು ಕಿರಿದಾಗಿಸುವುದೇ? ಪದೇ ಪದೇ ತಲೆನೋವೆನ್ನುವುದೇ? ಹಾಗಿದ್ದಲ್ಲಿ ಕಣ್ಣಿನ ಪರೀಕ್ಷೆ ಅಗತ್ಯ.

2. ಕಿವಿ: ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುವುದೇ? ಕಿವಿ ಸೋರುತ್ತಿದೆಯೇ? ಸರಿಯಾಗಿ ಕೇಳದ ಮಗುವಿಗೆ ‘ಬ’ ಮತ್ತು ‘ಪ’ಗಳ ವ್ಯತ್ಯಾಸ ತಿಳಿಯುವುದು ಕಷ್ಟ.

3. ರಕ್ತಹೀನತೆ: ಬಿಳಿಚಿದ, ಬೇಗನೆ ದಣಿಯುವ ಮಗುವಿನ ಗಮನ ಪಾಠದಲ್ಲಿ ನಿಲ್ಲುವುದಿಲ್ಲ.

4. ಮನೆಮಾತು: ಆಂಧ್ರದ ಗಡಿಗೆ ಸೇರಿದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ತೆಲುಗು ಮಾತನಾಡುತ್ತಾರೆ. ಅಂತಹ ಮಗುವಿಗೆ ಕನ್ನಡದ ಅಕ್ಷರದೊಡನೆ ಕನ್ನಡದ ಮಾತೂ ಹೊಸದು. ಮನೆಮಾತನ್ನು ಬಿಡಿಸಬೇಕಾಗಿಲ್ಲ, ಕನ್ನಡದಲ್ಲಿ ಕಥೆ ಹೇಳಿ, ಹಾಡು ಕೇಳಿಸಿ ಮಾತನ್ನು ಬೆಳೆಸಬೇಕು.

5. ಕಲಿಕಾ ನ್ಯೂನತೆ: ಕೆಲವು ಮಕ್ಕಳು ಮಾತಿನಲ್ಲಿ, ಲೆಕ್ಕದಲ್ಲಿ, ಆಟದಲ್ಲಿ ಚುರುಕಾಗಿದ್ದರೂ ಎರಡು ವರ್ಷ ಕಲಿತ ಮೇಲೂ ‘ದ’ ಮತ್ತು ‘ಧ’, ‘ಪ’ ಮತ್ತು ‘ಷ’ಗಳಲ್ಲಿ ತಡವರಿಸುತ್ತಾರೆ, ಕಾಗುಣಿತ, ಒತ್ತಕ್ಷರಗಳಲ್ಲಿ ಎಡವುತ್ತಾರೆ. ಇದನ್ನು ಡಿಸ್ಲೆಕ್ಸಿಯಾ ಎನ್ನುವರು. ಇದು ಅನೇಕ ವೇಳೆ ವಂಶದಲ್ಲಿ ಬರುತ್ತದೆ. ಇದು ಗ್ರಹಣದ ಫಲವಲ್ಲ, ತಾಯಿಯ ತಪ್ಪೂ ಅಲ್ಲ. ಇದನ್ನು ನೀಗಿಸುವ ಟಾನಿಕ್ ಯಾವುದೂ ಇಲ್ಲ. ತಾಳ್ಮೆಯ, ಕ್ರಮಬದ್ಧವಾದ ಬೋಧನೆಯೇ ಇದಕ್ಕೆ ಮದ್ದು.

ಮನೆಯಲ್ಲಿ ಮಾಡಬಹುದಾದುದು

ಪ್ರತಿದಿನ 15 ನಿಮಿಷ ಸಾಕು. ಆದರೆ ಒಂದು ದಿನವೂ ತಪ್ಪಬಾರದು. ‘ಕಂಬಳಿ’, ‘ಲಾಳಿ’, ‘ಶೇಂಗಾ’ ಮೊದಲಾದ ಮನೆಯ ಪದಗಳನ್ನು ಚಪ್ಪಾಳೆ ತಟ್ಟುತ್ತಾ ಬಿಡಿಸಿ ಹೇಳಿಸಿರಿ. ರ, ಗ, ಸ, ಅ ಎಂಬ ನಾಲ್ಕೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಅವನ್ನು ಮರಳಿನಲ್ಲಿ ಬೆರಳಿನಿಂದ ಬರೆಸಿರಿ. ಇವು ಗಟ್ಟಿಯಾದ ಮೇಲೆಯೇ ಕಾಗುಣಿತಕ್ಕೆ, ಆಮೇಲೆ ಒತ್ತಕ್ಷರಕ್ಕೆ ಹೋಗಿರಿ. ಓದು ಬಾರದ ತಾಯಿಯೂ, ಮಗ್ಗದಲ್ಲಿ ಕುಳಿತ ತಂದೆಯೂ ಮಗು ಓದುವುದನ್ನು ಕೇಳಬಲ್ಲರು, ‘ಮುಂದೇನಾಯಿತು?’ ಎಂದು ವಿಚಾರಿಸಬಲ್ಲರು. ಹೊಡೆಯುವುದರಿಂದ, ಅಣ್ಣತಂಗಿಯರೊಡನೆ ಹೋಲಿಸುವುದರಿಂದ ಭಯ ಬೆಳೆಯುತ್ತದೆ, ಓದು ಬೆಳೆಯುವುದಿಲ್ಲ.

ಎಲ್ಲಿ ನೆರವು ದೊರೆಯುವುದು?

ಶಿಕ್ಷಕರೊಡನೆ ಮಾತನಾಡಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತವೆ. ಹೆಚ್ಚಿನ ಪರೀಕ್ಷೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ನ್ಯೂನತೆಗಳ ಪಟ್ಟಿಯಲ್ಲಿ ಸೇರಿಸಿದೆ.

ಮರೆಯಬಾರದ ಮಾತು

ಓದು ಹತ್ತಲಿಲ್ಲವೆಂದು ಮಗನನ್ನು ಕಂಡಿಕೆ ಸುತ್ತಲು, ಕುರಿ ಕಾಯಲು ಕಳುಹಿಸುವುದು ಸುಲಭ. ಶಾಲೆ ಬಿಟ್ಟ ಮಗಳಿಗಾದರೋ 18 ತುಂಬುವ ಮೊದಲೇ ಮದುವೆಯ ಮಾತು ಬರುತ್ತದೆ. 6ರಿಂದ 14 ವರ್ಷದವರೆಗಿನ ಶಿಕ್ಷಣವು ಮಗುವಿನ ಹಕ್ಕು. ನಿಧಾನವಾಗಿ ಓದುವ ಮಗುವಿಗೆ ಶಾಲೆಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ.

ಚರ್ಚೆಗೆ

1. ನಿಮ್ಮ ಊರಿನಲ್ಲಿ ಓದು ಬಾರದೆಂದು ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ? ಅವರ ಕಣ್ಣು, ಕಿವಿಗಳ ಪರೀಕ್ಷೆಯಾಗಿದೆಯೇ?
2. ನಿಮ್ಮ ಮನೆಯಲ್ಲಿ ಮಗುವಿನ ಓದನ್ನು ಕೇಳಲು ಯಾವ ಹೊತ್ತು ಅನುಕೂಲ?